ನರದ ಕುಡಿಯನ್ನು ಕಂಡ ಕಹಾಲ್

ಕಳೆದ ಮಳೆಗಾಲದಲ್ಲಿ ನಮ್ಮ ಸೋದರಳಿಯನೊಬ್ಬನ ಕೈಗೆ ಕುಪವಾಡದ ಎಂಐಡಿಸಿಯಲ್ಲಿ ಪೆಟ್ಟಾಯಿತು. ಸಾಂಗ್ಲಿಗೂ ಮಿರಜಿಗೂ ನಡುವೆ ಇರುವ ಆ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಕಾರ್ಖಾನೆಯಲ್ಲಿ ಆತ ಲೇತ್ ಯಂತ್ರದ ಕೆಲಸಗಾರ. ಚೂಪಾದ ತಗಡೊಂದು ಬಲಗೈಯ ಮಣಿಕಟ್ಟನ್ನು ಸೀಳಿತು. ಹೆಬ್ಬೆರಳು, ತೋರುಬೆರಳು, ನಡುಬೆರಳುಗಳಿಗೆ ಸ್ಪರ್ಶಜ್ಞಾನ ಒದಗಿಸುವ ನರ ತುಂಡಾಯಿತು. ಮಿರಜಿನ ಆಸ್ಪತ್ರೆಯೊಂದರಲ್ಲಿ ಶಸ್ತ್ರವೈದ್ಯರು ನರದ ಎರಡು ತುದಿಗಳನ್ನೂ ಕೂದಲಿಗಿಂತ ಸಪುರವಾದ ದಾರದಿಂದ ಸೇರಿಸಿ ಹೊಲಿದರು. ಸುದ್ದಿ ತಿಳಿದು ನಾವು ಕಾಸರಗೋಡಿನಿಂದ ಹೊರಟು ಮಿರಜಿನಲ್ಲಿ ಇಳಿದಾಗ ಹುಡುಗ ಹಾಸಿಗೆಯ ಮೇಲೆ ಕುಳಿತು, ಬೆರಳುಗಳನ್ನು ಬೇರೆ ಯಾರದೋ ಸೊತ್ತೆಂಬಂತೆ ನೋಡುತ್ತಿದ್ದ.

ಹೊಲಿದ ಮೇಲೆ ಇನ್ನೇನು, ಹದಿನೈದು ದಿನದಲ್ಲಿ ಸರಿಯಾದೀತು ಎಂದು ನಾವು ಭಾವಿಸಿದ್ದೆವು. ಹಾಗಲ್ಲವಂತೆ. ನರವೆಂದರೆ ವಿದ್ಯುತ್ತಿನ ತಂತಿಯಲ್ಲ, ತುಂಡಾದಲ್ಲಿ ತಿರುಚಿ ಕಟ್ಟಿದರೆ ದೀಪ ಉರಿಯುವುದಿಲ್ಲ. ಗಾಯದಿಂದ ಬೆರಳಿನ ಕಡೆಗಿರುವ ತಂತುಗಳೆಲ್ಲ ಸತ್ತು ಕರಗಿಹೋಗುತ್ತವೆ. ಮೇಲಿನ ತುಂಡಿನಿಂದ ಹೊಸ ತಂತುಗಳು ಮೊಳೆತು, ದಿನಕ್ಕೆ ಸುಮಾರು ಒಂದು ಮಿಲಿಮೀಟರಿನಂತೆ ತೆವಳಿಕೊಂಡು, ಅಂಗೈಯನ್ನು ದಾಟಿ ಬೆರಳ ತುದಿಗೆ ಮುಟ್ಟಬೇಕು. ಲೆಕ್ಕ ಹಾಕಿದರೆ ಅರ್ಧ ವರ್ಷವೋ ಅದಕ್ಕಿಂತ ಹೆಚ್ಚೋ ಆಯಿತು. ಹಾಗಾದರೆ ಹೆಬ್ಬೆರಳಿಗೆ ಹೋಗಬೇಕಾದ ತಂತುವಿಗೆ ಹೆಬ್ಬೆರಳಿನ ದಾರಿ ಯಾರು ತೋರಿಸುತ್ತಾರೆ ಎಂದು ನಾವು ಕೇಳಿದೆವು. ವೈದ್ಯರು ಮರಾಠಿಯಲ್ಲಿ ಕೊಟ್ಟ ಉತ್ತರವನ್ನು ದಾದಿಯೊಬ್ಬಾಕೆ ನಮಗೆ ಮಿರಜಿನ ಕನ್ನಡದಲ್ಲಿ ತಿಳಿಸಿದಳು. ಅದರ ನಡುವೆ ಬಂದ ಹೆಸರು ಕಹಾಲ್. ಊರಿಗೆ ಮರಳಿದ ಮೇಲೆ ನಾವು ಆ ಹೆಸರಿನ ಬೆನ್ನು ಹತ್ತಿದೆವು.

ಸಾಂತಿಯಾಗೊ ರಾಮೋನ್ ಇ ಕಹಾಲ್ ಹುಟ್ಟಿದ್ದು 1852ರ ಮೇ 1ರಂದು, ಸ್ಪೇನ್ ದೇಶದ ಪೆತಿಯಾ ಎಂಬ ಗುಡ್ಡಗಾಡಿನ ಹಳ್ಳಿಯಲ್ಲಿ. ಈ ಹಳ್ಳಿಯ ಸಂಗತಿ ನಮ್ಮ ಓದುಗರಿಗೆ ಹಿಡಿಸೀತು. ಸುತ್ತ ನಾಲ್ಕು ದಿಕ್ಕಿಗೂ ಅರಗೋನ್ ಪ್ರಾಂತದ ನೆಲ, ಹಳ್ಳಿ ಮಾತ್ರ ಕಾಗದಪತ್ರದಲ್ಲಿ ನವಾರಾ ಪ್ರಾಂತಕ್ಕೆ ಸೇರಿದ್ದು. ಮನೆಯವರು ಅರಗೋನಿನವರು, ಮಗ ದಾಖಲೆಯಲ್ಲಿ ನವಾರಾದವನು. ಗಡಿಯ ಗೆರೆ ಒಂದು ಕಡೆ, ಬದುಕು ಇನ್ನೊಂದು ಕಡೆ ಎಂಬುದು ನಮ್ಮ ಪಾಡು ಮಾತ್ರವಲ್ಲ.

ತಂದೆ ಹುಸ್ತೊ ರಾಮೋನ್ ಕ್ಷೌರ ಮತ್ತು ಗಾಯದ ಚಿಕಿತ್ಸೆ ಎರಡನ್ನೂ ಮಾಡುವ ಹಳೆಯ ಕಾಲದ ಹಳ್ಳಿ ವೈದ್ಯರ ಸಾಲಿನಿಂದ ಬಂದವರು. ಹಟದಿಂದ ಓದಿ ಪೂರ್ಣ ವೈದ್ಯರಾದವರು, ಮುಂದೆ ಸಾರಗೋಸಾದಲ್ಲಿ ಅಂಗರಚನೆಯ ಪಾಠ ಹೇಳುವವರೆಗೂ ಬೆಳೆದವರು. ಕೆಲಸಕ್ಕಾಗಿ ಊರಿಂದೂರಿಗೆ ಅಲೆದ ಅವರ ಸಂಸಾರ ಕೊನೆಗೆ ಅಯೆರ್ಬೆ ಎಂಬ ಪೇಟೆಯಲ್ಲಿ ನಿಂತಿತು. ಅಲ್ಲಿಯ ಮಕ್ಕಳು ಹೊಸ ಹುಡುಗನನ್ನು ಗೇಲಿಮಾಡಿದರು. ಕೆಲವೇ ತಿಂಗಳಲ್ಲಿ ಆ ಹುಡುಗನೇ ಪೋಕರಿಗಳ ಮುಂದಾಳಾದ. ಮರದ ದಿಮ್ಮಿ ಕೊರೆದು ತೋಪು ಮಾಡಿ, ಮದ್ದು ತುಂಬಿ, ನೆರೆಯವನ ತೋಟದ ಹೊಸ ಬಾಗಿಲಿಗೆ ಹಾರಿಸಿದ್ದಕ್ಕಾಗಿ ಹನ್ನೊಂದರ ಪ್ರಾಯದಲ್ಲಿ ಕೆಲವು ದಿನ ಊರಿನ ಬಂದೀಖಾನೆಯಲ್ಲಿ ಕಳೆಯಬೇಕಾಯಿತು.

ಹುಡುಗನಿಗೆ ಇದ್ದ ಒಂದೇ ಮರುಳು ಚಿತ್ರ ಬರೆಯುವುದು. ತಂದೆಯ ಕಣ್ಣಿಗೆ ಅದು ಭಿಕ್ಷೆಗೆ ದಾರಿ. ಹಾಕಾ ಎಂಬಲ್ಲಿ ಪಾದ್ರಿಗಳ ಶಾಲೆಗೆ ಸೇರಿಸಿದರು. ಅಲ್ಲಿ ಲ್ಯಾಟಿನ್ ಬಾಯಿಪಾಠ, ಏಟು, ಉಪವಾಸ. ಓದು ಹತ್ತದಿದ್ದಾಗ ಕ್ಷೌರಿಕನ ಅಂಗಡಿಯಲ್ಲಿಟ್ಟರು, ಆಮೇಲೆ ಮೋಚಿಯ ಬಳಿ ಚರ್ಮ ಹೊಲಿಯಲು ಬಿಟ್ಟರು. ಕೈಚಳಕ ಎಲ್ಲೂ ವ್ಯರ್ಥವಾಗುವುದಿಲ್ಲ. ಹುಡುಗ ಒಳ್ಳೆಯ ಮೋಚಿಯಾಗುವ ಲಕ್ಷಣ ತೋರಿಸಿದನಂತೆ. 1868ರ ಬೇಸಗೆಯಲ್ಲಿ ತಂದೆಗೆ ಒಂದು ಉಪಾಯ ಹೊಳೆಯಿತು. ಮಗನನ್ನು ಹಳೆಯ ಸ್ಮಶಾನಕ್ಕೆ ಕರೆದೊಯ್ದು, ಮಣ್ಣಿನಿಂದ ಮೇಲೆ ಬಂದ ಎಲುಬುಗಳನ್ನು ಆಯ್ದು ತಂದು, ಒಂದೊಂದನ್ನೂ ಎದುರಿಗಿಟ್ಟು ಪಾಠ ಹೇಳಿದರು. ಎಲುಬನ್ನು ಕಲಿಯುವುದೆಂದರೆ ಎಲುಬಿನ ಚಿತ್ರ ಬರೆಯುವುದು. ತಂದೆ ಬೇಡವೆಂದ ಪೆನ್ಸಿಲು, ತಂದೆ ಬೇಕೆಂದ ವೈದ್ಯ ವಿದ್ಯೆ, ಎರಡೂ ಆ ಸ್ಮಶಾನದ ಎಲುಬುಗಳ ಮುಂದೆ ರಾಜಿಯಾದವು.

1873ರಲ್ಲಿ ಸಾರಗೋಸಾದಲ್ಲಿ ವೈದ್ಯ ಪದವಿ ದೊರೆಯಿತು. ಮರುವರ್ಷ ಸೈನ್ಯದ ವೈದ್ಯರಾಗಿ ಕ್ಯೂಬಾಕ್ಕೆ ಹೋದರು. ಆಗ ಅದು ಸ್ಪೇನಿನ ವಸಾಹತು, ದಂಗೆ ನಡೆಯುತ್ತಿತ್ತು. ಗುಂಡಿಗಿಂತ ಸೊಳ್ಳೆ ಹೆಚ್ಚು ಜನರನ್ನು ಕೊಂದ ಜಾಗ. ಮಲೇರಿಯಾದಿಂದ ಸೊರಗಿ ಎಲುಬು ಚಕ್ಕಳವಾಗಿ 1875ರಲ್ಲಿ ಹಿಂದಿರುಗಿದರು. ಅಲ್ಲಿ ಉಳಿಸಿದ ಸಂಬಳದಿಂದ ಒಂದು ಸೂಕ್ಷ್ಮದರ್ಶಕ ಕೊಂಡರು. ಕೆಲವೇ ವರ್ಷದಲ್ಲಿ ಬಾಯಿಂದ ರಕ್ತ ಬಿತ್ತು, ಕ್ಷಯ. ಅದರಿಂದಲೂ ಎದ್ದರು. 1879ರಲ್ಲಿ ಸಿಲ್ವೇರಿಯಾ ಫಾನ್ಯಾನಾಸ್ ಎಂಬ ಹುಡುಗಿಯನ್ನು ಮದುವೆಯಾದರು.

ವೇಲೆನ್ಸಿಯಾದಲ್ಲಿ ಅಧ್ಯಾಪಕರಾಗಿದ್ದಾಗ 1885ರಲ್ಲಿ ಕಾಲರಾ ಹಬ್ಬಿತು. ಸಾರಗೋಸಾದ ಪ್ರಾಂತಾಡಳಿತಕ್ಕೆ ಆ ಬಗ್ಗೆ ಇವರು ಒಪ್ಪಿಸಿದ ವರದಿಗೆ ಪ್ರತಿಯಾಗಿ ಜರ್ಮನಿಯ ಝೈಸ್ ಕಂಪೆನಿಯ ಸೂಕ್ಷ್ಮದರ್ಶಕವೊಂದು ಬಹುಮಾನವಾಗಿ ಬಂತು. ಹಣ ಕೊಟ್ಟಿದ್ದರೆ ಮನೆಖರ್ಚಿಗೆ ಕರಗಿಹೋಗುತ್ತಿತ್ತು. ಆ ಯಂತ್ರ ಮಾತ್ರ ಕರಗಲಿಲ್ಲ.

ಇನ್ನು ನಮ್ಮ ಪ್ರಶ್ನೆಗೆ ಹತ್ತಿರ ಬರೋಣ. ಮೆದುಳಿನ ತೆಳುವಾದ ಪದರವನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಅಂದಿನವರಿಗೆ ಕಾಣುತ್ತಿದ್ದದ್ದು ದಟ್ಟ ಕಾಡು. ಕೊಂಬೆ ಯಾವುದು, ಬೇರು ಯಾವುದು, ಯಾವ ಮರ ಎಲ್ಲಿ ಮುಗಿಯಿತು, ಒಂದೂ ತಿಳಿಯದು. ಇಟಲಿಯ ಕಮಿಲ್ಲೊ ಗಾಲ್ಜಿ 1873ರಲ್ಲಿ ಒಂದು ವಿಧಾನ ಪ್ರಕಟಿಸಿದ್ದರು. ಪೊಟ್ಯಾಸಿಯಂ ಡೈಕ್ರೋಮೇಟಿನಲ್ಲಿ ಗಟ್ಟಿಯಾಗಿಸಿದ ಮೆದುಳಿಗೆ ಬೆಳ್ಳಿಯ ನೈಟ್ರೇಟು ಕುಡಿಸಿದರೆ ನೂರರಲ್ಲಿ ಕೆಲವೇ ಕೋಶಗಳು ಬುಡದಿಂದ ತುದಿಯವರೆಗೆ ಕಪ್ಪಾಗುತ್ತವೆ, ಉಳಿದವು ಕಾಣದೆ ಹೋಗುತ್ತವೆ. ಕಾಡಿನಲ್ಲಿ ಹತ್ತು ಮರ ಬಿಟ್ಟು ಉಳಿದವೆಲ್ಲ ಗಾಜಾದ ಹಾಗೆ. ಹದಿನಾಲ್ಕು ವರ್ಷ ಇದನ್ನು ಹೆಚ್ಚಿನವರು ಕೈಗೆತ್ತಿಕೊಳ್ಳಲಿಲ್ಲ. ಒಮ್ಮೆ ಬಂದರೆ ಹತ್ತು ಸಲ ಕೆಡುವ ವಿಧಾನ ಅದು. 1887ರಲ್ಲಿ ಮದ್ರೀದಿನಲ್ಲಿ ಲೂಯಿಸ್ ಸಿಮಾರೊ ಎಂಬ ವೈದ್ಯರು ಪ್ಯಾರಿಸಿನಿಂದ ಕಲಿತು ತಂದಿದ್ದ ಇಂತಹ ಒಂದು ಪದರವನ್ನು ಕಹಾಲರಿಗೆ ತೋರಿಸಿದರು. ಚಿತ್ರಗಾರನ ಕಣ್ಣಿಗೆ ಶಾಯಿಯಲ್ಲಿ ಬರೆದಂತೆ ಕಂಡ ಆ ಕೋಶ ಅವರನ್ನು ಮತ್ತೆ ಬಿಡಲಿಲ್ಲ.

ಅದೇ ವರ್ಷ ಬಾರ್ಸಿಲೋನಾಕ್ಕೆ ವರ್ಗವಾಯಿತು. ಕಹಾಲರು ಮಾಡಿದ ಜಾಣತನ ಎರಡು. ಬೆಳ್ಳಿಯ ಸ್ನಾನವನ್ನು ಎರಡು ಸಲ ಮಾಡಿಸಿದರು. ಬೆಳೆದ ಪ್ರಾಣಿಯ ದಟ್ಟ ಕಾಡನ್ನು ಬಿಟ್ಟು, ಮೊಟ್ಟೆಯೊಳಗಿನ ಮರಿಯ, ಭ್ರೂಣದ, ಎಳೆಯ ಗಿಡಗಳ ತೋಪನ್ನು ನೋಡಿದರು. 1888ರಲ್ಲಿ ಹಕ್ಕಿಗಳ ಚಿಕ್ಕಮೆದುಳಿನಲ್ಲಿ ತಂತುಗಳು ಒಂದಕ್ಕೊಂದು ಬೆಸೆದುಕೊಳ್ಳದೆ, ಮುಟ್ಟುವಷ್ಟು ಹತ್ತಿರ ಬಂದು ನಿಲ್ಲುವುದು ಕಂಡಿತು. ನರಮಂಡಲ ಒಂದೇ ಹೆಣೆದ ಬಲೆ ಎಂದು ಗಾಲ್ಜಿ ಮೊದಲಾದವರು ನಂಬಿದ್ದರು. ಬಲೆಯಲ್ಲ, ಬೇರೆ ಬೇರೆ ಕೋಶಗಳ ಸಮೂಹ ಎಂದು ಇವರು ಹೇಳಿದರು. ಇಂದು ಶಾಲೆಯ ಮಕ್ಕಳೂ ನ್ಯೂರಾನ್ ಎಂದು ಬರೆಯುವುದು ಇದನ್ನೇ.

ಹೇಳಿದ್ದೇನೋ ಹೌದು, ಕೇಳುವವರು ಯಾರು? ಅಂದು ವಿಜ್ಞಾನದ ಭಾಷೆ ಜರ್ಮನ್, ಫ್ರೆಂಚ್, ಇಂಗ್ಲಿಷ್. ಸ್ಪ್ಯಾನಿಷಿನಲ್ಲಿ ಬರೆದದ್ದನ್ನು ಆ ವಿದ್ವಾಂಸರು ಓದುತ್ತಿರಲಿಲ್ಲ. ಕಹಾಲರು ಕೈಯಿಂದ ಹಣ ಹಾಕಿ 1888ರ ಮೇ ತಿಂಗಳಲ್ಲಿ ಸ್ವಂತ ತ್ರೈಮಾಸಿಕವೊಂದನ್ನು ತೆಗೆದರು. ಅಚ್ಚಾದದ್ದು ಅರುವತ್ತು ಪ್ರತಿ, ಹೆಚ್ಚಿನವು ಹೊರದೇಶದ ಪಂಡಿತರಿಗೆ ಅಂಚೆಯಲ್ಲಿ ಹೋದವು. ಸಣ್ಣ ಪತ್ರಿಕೆ ನಡೆಸುವವರ ಸಂಕಟ ನಮಗೆ ಹೊಸತಲ್ಲ. ಆದರೆ ಅರುವತ್ತು ಪ್ರತಿಯ ಪತ್ರಿಕೆ ಲೋಕದ ತಿಳಿವನ್ನು ತಿರುಗಿಸಿದ್ದನ್ನು ಓದಿದಾಗ ನಮಗೂ ತುಸು ಬೆನ್ನು ನೆಟ್ಟಗಾಯಿತು. ಕಾಗದ, ಅಚ್ಚು, ಚಿತ್ರದ ಕಲ್ಲಚ್ಚು ಇವಕ್ಕೆಲ್ಲ ಹೋದದ್ದು ಮಕ್ಕಳೊಂದಿಗನ ಮನೆಯ ದುಡ್ಡು. ಬಾರ್ಸಿಲೋನಾದಲ್ಲಿದ್ದಾಗಲೇ ಒಂದು ಹೆಣ್ಣು ಮಗು ಮೆದುಳು ಪೊರೆಯ ಉರಿಯೂತದಿಂದ ತೀರಿಕೊಂಡಿತು. ಕಹಾಲರ ಕೀರ್ತಿಯ ಪುಟಗಳಲ್ಲಿ ಸಿಲ್ವೇರಿಯಾ ಅವರಿಗೆ ಸಿಗುವುದು ನಾಲ್ಕು ಸಾಲು. ಆ ಪುಟಗಳಿಗೆ ಕಾಗದ ಕೊಂಡದ್ದು ಅವರ ಮಿತವ್ಯಯದಿಂದ ಎಂಬುದನ್ನು ಮರೆಯುವುದು ನ್ಯಾಯವಲ್ಲ.

1889ರ ಅಕ್ಟೋಬರಿನಲ್ಲಿ ಬರ್ಲಿನಿನಲ್ಲಿ ಜರ್ಮನ್ ಅಂಗರಚನಾಶಾಸ್ತ್ರಜ್ಞರ ಸಮ್ಮೇಳನ. ಉಳಿತಾಯದ ಹಣವನ್ನೆಲ್ಲ ಬಾಚಿಕೊಂಡು, ಸೂಕ್ಷ್ಮದರ್ಶಕವನ್ನೂ ಗಾಜಿನ ಪದರಗಳನ್ನೂ ಹೊತ್ತುಕೊಂಡು ಕಹಾಲರು ಹೋದರು. ಬರುತ್ತಿದ್ದದ್ದು ತೊದಲು ಫ್ರೆಂಚ್. ಬಾಯಲ್ಲಿ ವಾದಿಸುವ ಬದಲು, ಯಂತ್ರವನ್ನು ಮೇಜಿನ ಮೇಲಿಟ್ಟು ಬಂದವರನ್ನು ಒಬ್ಬೊಬ್ಬರಾಗಿ ಕರೆದು ತೋರಿಸಿದರು. ಎಪ್ಪತ್ತು ದಾಟಿದ ಆಲ್ಬರ್ಟ್ ಕೊಲ್ಲಿಕರ್ ಆ ಕಾಲದ ದೊಡ್ಡ ಹೆಸರು. ಬಲೆಯ ವಾದಕ್ಕೆ ಒಲಿದಿದ್ದ ಅವರು ನೋಡಿದರು, ಮನಸ್ಸು ಬದಲಿಸಿದರು, ಈ ಅಪರಿಚಿತನನ್ನು ತಮ್ಮ ಗಾಡಿಯಲ್ಲಿ ಕೂರಿಸಿಕೊಂಡು ಹೋಗಿ ಉಳಿದವರಿಗೆ ಪರಿಚಯಿಸಿದರು. ಆ ವಯಸ್ಸಿನಲ್ಲಿ ತಪ್ಪೊಪ್ಪಿಕೊಳ್ಳುವುದು ದೊಡ್ಡ ಗುಣ.

ನಮ್ಮ ಹುಡುಗನ ಬೆರಳಿಗೆ ಸಂಬಂಧಿಸಿದ ಸಂಗತಿ ನಡೆದದ್ದು ಮರುವರ್ಷ, 1890ರಲ್ಲಿ. ಕೆಲವೇ ದಿನದ ಕೋಳಿಮರಿಯ ಭ್ರೂಣದ ಬೆನ್ನುಹುರಿಯಲ್ಲಿ, ಇನ್ನೂ ಗುರಿ ಮುಟ್ಟದ ತಂತುಗಳ ತುದಿಯನ್ನು ಕಹಾಲರು ನೋಡಿದರು. ತುದಿ ಚೂಪಾಗಿರಲಿಲ್ಲ. ಶಂಕುವಿನಂತೆ ಉಬ್ಬಿ, ಅಂಚಿನಲ್ಲಿ ಎಳೆಎಳೆ ಬೆರಳುಗಳನ್ನು ಚಾಚಿತ್ತು. ಅಡಕೆ ಮರಕ್ಕೆ ಹಬ್ಬಿಸಿದ ಒಳ್ಳೆಮೆಣಸಿನ ಬಳ್ಳಿಯ ಕುಡಿಯನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಇದಕ್ಕೆ ಅವರು ಬೆಳವಣಿಗೆಯ ಶಂಕು ಎಂದು ಹೆಸರಿಟ್ಟರು. ಅವರ ಎದುರಿಗಿದ್ದದ್ದು ಸತ್ತ, ಬಣ್ಣ ಹಾಕಿದ, ಅಲುಗಾಡದ ಪದರ. ಅದನ್ನು ನೋಡಿ ಇದು ಬದುಕಿದ್ದಾಗ ಮುಂದೆ ಮುಂದೆ ತಡವರಿಸಿಕೊಂಡು ನಡೆಯುವ ತುದಿ ಎಂದು ಊಹಿಸಿದರು. 1907ರಲ್ಲಿ ಅಮೆರಿಕದ ರಾಸ್ ಹ್ಯಾರಿಸನ್ ಕಪ್ಪೆಯ ಭ್ರೂಣದ ತುಣುಕನ್ನು ಗಾಜಿನ ಮೇಲೆ ಬದುಕಿಸಿಟ್ಟು, ನರತಂತು ನಿಜಕ್ಕೂ ಹಾಗೆ ಬೆಳೆಯುವುದನ್ನು ಕಣ್ಣಾರೆ ಕಂಡರು.

ಕುಡಿ ನಡೆಯುತ್ತದೆ ಸರಿ, ದಾರಿ? 1892ರಲ್ಲಿ ಕಹಾಲರು ಇದಕ್ಕೊಂದು ಉತ್ತರ ಮುಂದಿಟ್ಟರು. ಕೀವಿನ ಜಾಗಕ್ಕೆ ಬಿಳಿರಕ್ತಕಣಗಳು ರಾಸಾಯನಿಕದ ಜಾಡು ಹಿಡಿದು ಬರುವುದು ಅಷ್ಟರಲ್ಲಿ ತಿಳಿದಿತ್ತು. ಹಾಗೆಯೇ ಗುರಿಯ ಕೋಶಗಳು ಏನೋ ಒಂದು ದ್ರವ್ಯವನ್ನು ಒಸರುತ್ತವೆ, ಕುಡಿ ಅದರ ವಾಸನೆ ಹಿಡಿದು ಹೋಗುತ್ತದೆ ಎಂದರು. ಬೆಲ್ಲದ ಡಬ್ಬಿಗೆ ಇರುವೆ ಹೋದಂತೆ ಎಂದು ನಾವು ಅರ್ಥ ಮಾಡಿಕೊಂಡೆವು. ಆ ದ್ರವ್ಯ ಯಾವುದೆಂದು ತೋರಿಸುವ ಉಪಕರಣ ಆಗ ಲೋಕದಲ್ಲೇ ಇರಲಿಲ್ಲ.

ಆಮೇಲಿನ ಸನ್ಮಾನಗಳ ಪಟ್ಟಿ ಉದ್ದ. 1892ರಲ್ಲಿ ಮದ್ರೀದಿನ ಪೀಠ, 1894ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಉಪನ್ಯಾಸ, 1906ರಲ್ಲಿ ನೊಬೆಲ್ ಬಹುಮಾನ. ಬಹುಮಾನವನ್ನು ಹಂಚಿಕೊಂಡದ್ದು ಗಾಲ್ಜಿಯವರೊಡನೆ. ಕಾಡನ್ನು ಗಾಜಾಗಿಸಿದವರೂ ಅದರಲ್ಲಿ ಮರಗಳನ್ನು ಎಣಿಸಿದವರೂ ಸ್ಟಾಕ್‌ಹೋಮಿನ ಒಂದೇ ವೇದಿಕೆಯಲ್ಲಿ ನಿಂತರು. ಗಾಲ್ಜಿ ತಮ್ಮ ಭಾಷಣದಲ್ಲಿ ಕಹಾಲರ ಸಿದ್ಧಾಂತವನ್ನೇ ಖಂಡಿಸಿದರು. ಯಾರ ವಿಧಾನದಿಂದ ಕಂಡದ್ದೋ ಅವರೇ ಕಂಡದ್ದನ್ನು ಒಪ್ಪಲಿಲ್ಲ.

ನಮಗೆ ಹೆಚ್ಚು ಮುಖ್ಯವಾಗಿ ತೋರುವುದು ಬಹುಮಾನದ ಅನಂತರದ ಕೆಲಸ. ಪ್ರಾಣಿಗಳ ನರವನ್ನು ಕತ್ತರಿಸಿ, ದಿನದಿನವೂ ಪರೀಕ್ಷಿಸಿ, ಮೇಲಿನ ತುಂಡಿನಿಂದ ಹೊಸ ಕುಡಿಗಳು ಹೊರಡುವುದನ್ನು ಅವರು ಚಿತ್ರಿಸಿದರು. ಕೆಲವು ಗಾಯದ ಕಲೆಯಲ್ಲಿ ಸಿಕ್ಕಿ ಸುತ್ತಿಕೊಳ್ಳುತ್ತವೆ, ಕೆಲವು ಕವಲೊಡೆಯುತ್ತವೆ, ಕೆಲವು ಹಳೆಯ ನರದ ಖಾಲಿ ಕೊಳವೆಯನ್ನು ಹುಡುಕಿ ಒಳಹೊಗುತ್ತವೆ. ಕೊಳವೆಯಲ್ಲಿ ಉಳಿದ ಕೋಶಗಳೇ ಕುಡಿಯನ್ನು ಕರೆಯುತ್ತವೆ ಎಂಬುದು ಅವರ ನಿರ್ಣಯ. ಮಿರಜಿನ ವೈದ್ಯರು ತುದಿಗೆ ತುದಿ ಸೇರಿಸಿ ಹೊಲಿದದ್ದು ಏಕೆಂದು ಇಲ್ಲಿ ನಮಗೆ ಹೊಳೆಯಿತು. ಅದು ಬೆಸುಗೆಯಲ್ಲ, ದಾರಿಯ ಬಾಯಿ ತೆರೆದಿಡುವುದು. ಈ ಅಭ್ಯಾಸಗಳ ಎರಡು ಸಂಪುಟ 1913–14ರಲ್ಲಿ ಹೊರಬಂದವು. ಮುದ್ರಣದ ವೆಚ್ಚ ವಹಿಸಿದವರು ಅರ್ಜೆಂಟೀನಾಕ್ಕೆ ವಲಸೆ ಹೋಗಿದ್ದ ಸ್ಪ್ಯಾನಿಷ್ ವೈದ್ಯರು. ಇಂಗ್ಲಿಷಿಗೆ ಬರಲು 1928 ಆಗಬೇಕಾಯಿತು. ಕೈಕಾಲಿನ ನರ ಮತ್ತೆ ಬೆಳೆದೀತು, ಬೆಳೆದ ಪ್ರಾಣಿಯ ಮೆದುಳು ಬೆನ್ನುಹುರಿಗಳ ತಂತು ಮಾತ್ರ ತುಸು ಮೊಳೆತು ನಿಂತುಬಿಡುತ್ತದೆ ಎಂಬ ಕಹಿ ಮಾತನ್ನೂ ಅವರು ಮುಚ್ಚಿಡಲಿಲ್ಲ. ಸಾಧ್ಯವಾದರೆ ಮುಂದಿನವರು ಇದನ್ನು ಬದಲಿಸಲಿ ಎಂದು ಬಿಟ್ಟರು.

1930ರಲ್ಲಿ ಸಿಲ್ವೇರಿಯಾ ತೀರಿಹೋದರು. 1934ರ ಅಕ್ಟೋಬರ್ 17ರಂದು ಮದ್ರೀದಿನಲ್ಲಿ, 82ನೆಯ ವಯಸ್ಸಿನಲ್ಲಿ, ಕಹಾಲರು ಕಣ್ಣು ಮುಚ್ಚಿದರು. ವಾಸನೆ ಹಿಡಿದು ಹೋಗುವ ಕುಡಿಯ ಮಾತು ಆಗಲೇ ಹಳತಾಗಿತ್ತು. ದ್ರವ್ಯವೂ ಇಲ್ಲ ಏನೂ ಇಲ್ಲ, ನೀರು ತೋಡಿನಲ್ಲಿ ಹರಿದಂತೆ ತಂತು ಸಿಕ್ಕ ಸಂದಿಯಲ್ಲಿ ನುಗ್ಗುತ್ತದೆ ಎನ್ನುವವರ ಕೈ ಮೇಲಾಯಿತು.

ಉತ್ತರ ಬಂದದ್ದು ಮಣ್ಣಿನ ಒಂದು ಹುಳುವಿನಿಂದ. ಸೀನೋರ್‍ಯಾಬ್ಡೈಟಿಸ್ ಎಲೆಗಾನ್ಸ್ ಎಂಬ ಈ ಹುಳುವಿನ ಉದ್ದ ಒಂದು ಮಿಲಿಮೀಟರು, ನಮ್ಮ ಹುಡುಗನ ನರ ಒಂದು ದಿನದಲ್ಲಿ ನಡೆಯುವಷ್ಟು. ಕೇಂಬ್ರಿಜಿನಲ್ಲಿ ಸಿಡ್ನಿ ಬ್ರೆನ್ನರ್ ಇದನ್ನು ಆರಿಸಿಕೊಂಡರು. 1974ರಲ್ಲಿ ಅವರು ಪ್ರಕಟಿಸಿದ ಪಟ್ಟಿಯಲ್ಲಿ ನೆಟ್ಟಗೆ ಹರಿಯಲಾರದೆ ತಡವರಿಸುವ ಅನೇಕ ತಳಿಗಳಿದ್ದವು. ಕೆಟ್ಟ ಜೀನುಗಳಿಗೆ ಅಂಕ್ ಎಂಬ ಹೆಸರು ಮತ್ತು ಒಂದೊಂದು ಸಂಖ್ಯೆ. 1986ರಲ್ಲಿ ಹುಳುವಿನ 302 ನರಕೋಶಗಳ ಪೂರ್ತಿ ಜೋಡಣೆಯ ನಕ್ಷೆ ಬಂತು. 1990ರಲ್ಲಿ ಹೆಜ್‌ಕಾಕ್, ಕುಲೊಟ್ಟಿ ಮತ್ತು ಹಾಲ್ ಎಂಬವರು ಅಂಕ್-5, ಅಂಕ್-6, ಅಂಕ್-40 ಎಂಬ ಮೂರು ಜೀನುಗಳ ಕೆಲಸ ವಿವರಿಸಿದರು. ಇವು ಕೆಟ್ಟರೆ ತಂತುಗಳು ಬೆಳೆಯುವುದು ನಿಲ್ಲುವುದಿಲ್ಲ, ದಾರಿ ತಪ್ಪುತ್ತವೆ. ಅಂಕ್-6ರ ಆದೇಶದಿಂದ ತಯಾರಾಗುವ ಸಸಾರಜನಕ ಹುಳುವಿನ ಹೊಟ್ಟೆಯ ಬದಿಯ ಕೋಶಗಳಿಂದ ಒಸರುತ್ತದೆ. ಕುಡಿಯ ಮೇಲೆ ಅಂಕ್-40 ಎಂಬ ಗ್ರಾಹಕ ಇದ್ದರೆ ತಂತು ಅದರ ಕಡೆಗೆ ಹೋಗುತ್ತದೆ. ಜತೆಗೆ ಅಂಕ್-5 ಇದ್ದರೆ ಅದೇ ವಾಸನೆಗೆ ಬೆನ್ನು ತಿರುಗಿಸಿ ಮೇಲಕ್ಕೆ ನಡೆಯುತ್ತದೆ. ಹಲಸಿನ ಹಣ್ಣಿನ ಪರಿಮಳ ಒಬ್ಬರನ್ನು ಅಂಗಳಕ್ಕೆ ಕರೆಯುತ್ತದೆ, ಇನ್ನೊಬ್ಬರನ್ನು ಮನೆಯಿಂದಲೇ ಓಡಿಸುತ್ತದೆ. ಹಣ್ಣು ಒಂದೇ, ಮೂಗು ಬೇರೆ. ಇದೇ ಸಸಾರಜನಕದ ಒಂದು ಭಾಗವನ್ನು ಕತ್ತರಿಸಿ ಹಾಕಿದಾಗ ತಂತುಗಳು ಬೇಡದಲ್ಲೆಲ್ಲ ಕವಲೊಡೆದದ್ದು 1999ರಲ್ಲಿ ಕಂಡಿತು. ದಾರಿ ತೋರಿಸುವುದೂ ಕವಲನ್ನು ಅಂಕೆಯಲ್ಲಿಡುವುದೂ ಒಂದೇ ಮನೆಯ ಕೆಲಸ ಎಂದಾಯಿತು.

1994ರಲ್ಲಿ ಅಮೆರಿಕದಲ್ಲಿ ಮಾರ್ಕ್ ಟೆಸಿಯೆ-ಲವೀನ್ ಎಂಬವರ ಬಳಗ ಸಾವಿರಾರು ಕೋಳಿಭ್ರೂಣಗಳ ಮೆದುಳನ್ನು ಸೋಸಿ, ಬೆನ್ನುಹುರಿಯ ತಂತುಗಳನ್ನು ಸೆಳೆಯುವ ದ್ರವ್ಯವನ್ನು ಬೇರ್ಪಡಿಸಿತು. ನೋಡಿದರೆ ಅದು ಹುಳುವಿನ ಅಂಕ್-6ರ ದಾಯಾದಿ. ಸೆಳೆಯಲ್ಪಟ್ಟ ತಂತುಗಳು 1890ರಲ್ಲಿ ಕಹಾಲರು ಕುಡಿಯನ್ನು ಕಂಡ ಅದೇ ಬಗೆಯವು. ದ್ರವ್ಯಕ್ಕೆ ಅವರು ಇಟ್ಟ ಹೆಸರು ನೆಟ್ರಿನ್. ನಮ್ಮ ನೇತಾರ ಎಂಬ ಪದ ಯಾವ ಸಂಸ್ಕೃತದ ಮಾತಿನಿಂದ ಬಂತೋ ಅದರಿಂದಲೇ ಆ ಹೆಸರೂ ಬಂದದ್ದು. ಕಥೆ ಅಲ್ಲಿಗೇ ಮುಗಿಯಲಿಲ್ಲ. ದೂರದಿಂದ ಬರುವ ವಾಸನೆಗಿಂತ, ನಡೆಯುವ ದಾರಿಯಲ್ಲೇ ಬಳಿದಿಟ್ಟ ನೆಟ್ರಿನ್ ಮುಖ್ಯವೆಂದು 2017ರಲ್ಲಿ ಇಲಿಗಳ ಮೇಲಿನ ಪ್ರಯೋಗಗಳು ಸೂಚಿಸಿದವು. ಕಹಾಲರ ಊಹೆ ಪೂರ್ತಿ ಸರಿಯೂ ಅಲ್ಲ, ಪೂರ್ತಿ ತಪ್ಪೂ ಅಲ್ಲ. ಅವರೇ ಇದ್ದಿದ್ದರೆ ಇನ್ನೊಂದು ಪದರ ಕೊಯ್ದು ನೋಡುತ್ತಿದ್ದರು.

ಹುಳುವಿನ ಒಂಟಿ ತಂತುವನ್ನು ಲೇಸರ್ ಕಿರಣದಿಂದ ಕತ್ತರಿಸಿ ಅದು ಮತ್ತೆ ಬೆಳೆಯುವುದನ್ನು 2004ರಲ್ಲಿ ತೋರಿಸಿದರು. ಹಾಗೆ ಮತ್ತೆ ಬೆಳೆಯಲು ಡಿಎಲ್‌ಕೆ-1 ಎಂಬ ಜೀನು ಬೇಕೆಂಬುದು 2009ರಲ್ಲಿ ತಿಳಿಯಿತು. ಈ ಹುಳುವಿನ ನರಗಳ ಮೇಲೆ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲೂ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಕೆಲಸ ನಡೆದಿದೆ. ಬೆನ್ನುಹುರಿ ಮುರಿದವರಿಗೆ ಕೊಡುವ ಮದ್ದು ಇವುಗಳಿಂದ ಇನ್ನೂ ಕೈಗೆ ಬಂದಿಲ್ಲ.

ಕುಪವಾಡದ ಹುಡುಗನನ್ನು ಪ್ರತಿ ತಿಂಗಳೂ ಪರೀಕ್ಷೆಗೆ ಕರೆಯುತ್ತಾರೆ. ವೈದ್ಯರು ಮಣಿಕಟ್ಟಿನಿಂದ ಶುರುಮಾಡಿ ಬೆರಳಿನಿಂದ ಮೆಲ್ಲಗೆ ತಟ್ಟುತ್ತ ಹೋಗುತ್ತಾರೆ. ಎಲ್ಲಿ ತಟ್ಟಿದಾಗ ಜುಮ್ಮೆಂದು ಮುಂದಕ್ಕೆ ಹರಿಯುತ್ತದೋ ಅಲ್ಲಿಗೆ ಕುಡಿ ಬಂದಿದೆ ಎಂದು ಅರ್ಥ. ಮೊದಲ ತಿಂಗಳು ಹೊಲಿಗೆಯ ಬಳಿಯೇ ಇತ್ತು, ಆಮೇಲೆ ಅಂಗೈಯ ನಡುವಿಗೆ ಬಂತು. ಮೊನ್ನೆ ಫೋನಿನಲ್ಲಿ, ಮಾವ, ತೋರುಬೆರಳಿನ ಎರಡನೆಯ ಗೆಣ್ಣು ದಾಟಿತು ಎಂದು ಹೇಳಿದ. ತೋರುಬೆರಳನ್ನು ಮುಟ್ಟಿದರೆ ಕೆಲವು ಸಲ ನಡುಬೆರಳನ್ನು ಮುಟ್ಟಿದಂತಾಗುತ್ತದಂತೆ, ಒಂದಷ್ಟು ತಂತುಗಳು ಪಕ್ಕದ ಮನೆಗೆ ಹೊಕ್ಕಿರಬೇಕು. ಅಂಗಿಯ ಗುಂಡಿ ಹಾಕಲು ಈಗಲೂ ಎಡಗೈಯೇ. ಲೇತಿನ ಬದಲು ಸ್ಟೋರಿನಲ್ಲಿ ಕುಳಿತು ಲೆಕ್ಕ ಬರೆಯುತ್ತಿದ್ದಾನೆ, ಅಕ್ಷರ ಕಾಗೆಕಾಲು ಗುಬ್ಬಿಕಾಲು ಎಂದು ಅವನೇ ನಗುತ್ತಾನೆ.